ಗಾರೆಯಲ್ಲಿ ಉಳಿದ ಮುಖ

ಪಲೆರ್ಮೊದ ಕಾಪೊ ಸಂತೆಬೀದಿಯಲ್ಲಿ ಗಂದೊಲ್ಫೊ ಮೇಸ್ತ್ರಿಯನ್ನು ಅರಿಯದವರಿರಲಿಲ್ಲ. ಗೋಡೆಯ ಮೇಲೆ ಗಾರೆಯಿಂದ ಬೊಂಬೆ ಕಟ್ಟುವುದು ಅವನ ಕಸುಬು. ನಾನು ಅವನಿಗೆ ಸುಣ್ಣ ಅರಳಿಸಿ, ಅಮೃತಶಿಲೆಯ ಪುಡಿ ಜರಡಿ ಹಿಡಿದು ಕೊಡುತ್ತಿದ್ದವನು. ಹಗ್ಗ ಹೊಸೆಯುವವರ ಸಂಘದ ಚಿಕ್ಕ ಪ್ರಾರ್ಥನಾಮಂದಿರದ ಗೋಡೆಗಳನ್ನೆಲ್ಲ ಅವನೇ ತುಂಬಿದ್ದ. ಬಳ್ಳಿ, ಶಂಖ, ದ್ರಾಕ್ಷಿಗೊಂಚಲು, ನಡುನಡುವೆ ಲಾಗ ಹಾಕುವ, ಒಬ್ಬರ ಕಿವಿಯನ್ನೊಬ್ಬರು ಹಿಂಡುವ ಪುಟ್ಟ ದೇವದೂತರು.

ಎಡಗಡೆ ಕಿಟಕಿಯ ಮೇಲಿನ ಮಗು ಮಾತ್ರ ತಂಟೆ ಮಾಡುತ್ತಿರಲಿಲ್ಲ. ಕೆನ್ನೆಗೆ ಕೈ ಕೊಟ್ಟು ಕೆಳಗೆ ನೋಡುತ್ತಿತ್ತು. ಅದು ಮೇಸ್ತ್ರಿಯ ಮಗಳು ಓಲಿವಾಳ ಮುಖ. ಐದು ವರ್ಷದವಳಾಗಿದ್ದಾಗ ಅವಳನ್ನು ಸಾರುವೆಯ ಮೇಲೆ ಕೂರಿಸಿಕೊಂಡು, ಕೈಗೆ ಎಳ್ಳು ಹಚ್ಚಿದ ರೊಟ್ಟಿ ಕೊಟ್ಟು ಆ ಮುಖ ಕಟ್ಟಿದ್ದ.

"ಅಪ್ಪಾ, ನನ್ನ ಮೂಗು ಇಷ್ಟು ದಪ್ಪ ಇಲ್ಲ!"

"ನಿಮ್ಮಮ್ಮ ಕೊಟ್ಟ ಮೂಗು ಕಣೆ ಅದು. ಜಗಳ ಆಡೋದಾದ್ರೆ ಅವಳ ಹತ್ರ ಹೋಗು."

ಮಂದಿರದ ಕೆಲಸ ಮುಗಿದು ಎರಡು ವರ್ಷಕ್ಕೆ ಸಿಡುಬು ಬಂತು. ಓಲಿವಾ ಹೋದಳು. ಮತ್ತೆ ಮಕ್ಕಳಾಗಲಿಲ್ಲ. ಮೇಸ್ತ್ರಿಯ ಹೆಂಡತಿ ನಿಂಫಾ ದಿನವೂ ಬೆಳಗಿನ ಪೂಜೆಗೆ ಹೋಗಿ ಆ ಕಿಟಕಿಯ ಕೆಳಗೇ ಕೂರುತ್ತಿದ್ದಳು. ಪೂಜೆ ಮುಗಿದು ದೀಪ ಆರಿಸಿದರೂ ಏಳುತ್ತಿರಲಿಲ್ಲ.

ವರ್ಷಗಳು ಕಳೆದವು, ದೊಡ್ಡವರ ರುಚಿ ಬದಲಾಯಿತು. ಎಲ್ಲೆಲ್ಲೂ ನೆಟ್ಟನೆ ಕಂಬ, ಬೋಳು ಗೋಡೆ. ಮೇಸ್ತ್ರಿಯನ್ನು ಕರೆಯುವವರು ಇಲ್ಲವಾದರು. ಸಂಘಕ್ಕೆ ಹೊಸದಾಗಿ ಮುಖ್ಯಸ್ಥನಾದ ದೊನ್ ಎರ್ಕೊಲೆ ರೋಮಿಗೆ ಹೋಗಿ ಪುರಾತನರ ಪಾಳುಗುಡಿಗಳನ್ನು ನೋಡಿ ಬಂದವನು. ಮಂದಿರದ ನಡುವೆ ನಿಂತು, "ಇದು ದೇವರ ಮನೆಯೋ, ಮಿಠಾಯಿ ಅಂಗಡಿಯೋ? ಎಲ್ಲಾ ಕೆತ್ತಿ ಹಾಕಿ" ಎಂದ.

ಮೇಸ್ತ್ರಿ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದು ಅವನೆದುರು ನಿಂತ. "ಸ್ವಾಮಿ, ಎಲ್ಲಾನೂ ಒಡೀರಿ. ಅದೊಂದು ಮಗೂನ ಬಿಟ್ಬಿಡಿ."

"ಒಂದನ್ನ ಬಿಟ್ರೆ ಗೋಡೆಗೆ ಕುರು ಎದ್ದ ಹಾಗೆ ಕಾಣುತ್ತಲ್ಲಯ್ಯಾ." ದೊನ್ ಎರ್ಕೊಲೆ ಕೆಟ್ಟವನೇನಲ್ಲ. ಸ್ವಲ್ಪ ಯೋಚಿಸಿ, "ಬೇಕಾದ್ರೆ ಬಿಡಿಸ್ಕೊಂಡು ಮನೆಗೆ ಒಯ್ಯಿ. ಸೋಮವಾರ ಒಡೆಯೋರು ಬರ್ತಾರೆ" ಎಂದ.

ಬಾಗಿಲಲ್ಲಿ ನಿಂತಿದ್ದ ನಿಂಫಾಳ ಮುಖ ಅರಳಿತು. ಮೇಸ್ತ್ರಿಯ ಮುಖ ಇನ್ನಷ್ಟು ಬಾಡಿತು.

"ಅದು ಬರಲ್ಲ ಕಣೆ. ಕಲ್ಲಾಗಿದ್ರೆ ಸರಿ. ಇದಕ್ಕೆ ಗೋಡೆನೇ ಬೆನ್ನು. ಒಳಗಿರೋದು ಜೊಂಡು, ತುಕ್ಕು ಹಿಡಿದ ಕಂಬಿ."

"ಕಟ್ಟಿದವನಿಗೆ ಬಿಡಿಸೋಕೆ ಬರಲ್ವಾ?"

"ಬರಲ್ಲ."

"ಮನಸ್ಸಿಲ್ಲ ಅನ್ನು. ನಿನ್ನ ಕೈಲಾಗದಿದ್ರೆ ನಾನೇ ಹತ್ತುತೀನಿ."

ಆಗದ ಕೆಲಸ ಎಂದು ಗೊತ್ತಿದ್ದೂ ಮೇಸ್ತ್ರಿ ಹತ್ತಿದ. ಮಗುವಿನ ಮುಖಕ್ಕೆ ಉಣ್ಣೆ ಒತ್ತಿ, ಒದ್ದೆ ಬಟ್ಟೆ ಸುತ್ತಿದ. ತೆಳ್ಳನೆ ಗರಗಸವನ್ನು ಬೆನ್ನ ಹಿಂದೆ ತೂರಿಸಿ, ಉಸಿರು ಬಿಗಿಹಿಡಿದು ಎಳೆಯತೊಡಗಿದ. ಕೆಳಗಿನ ಹಲಗೆಯ ಮೇಲೆ ನಾನು ಗೋಣಿ ಚಾಚಿ ಹಿಡಿದು ನಿಂತಿದ್ದೆ. ಮೊದಲು ಪಾದ ಉದುರಿತು. ಆತ ನಿಲ್ಲಿಸಲಿಲ್ಲ. ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಿಗೆ ಕಂಬಿ ಕಳಚಿತು. ಮಗು ಇಡಿಯಾಗಿ ನನ್ನ ಗೋಣಿಗೆ ಬಿತ್ತು. ಸಿಕ್ಕಿತು ಎಂದುಕೊಂಡೆ. ಅಷ್ಟರಲ್ಲಿ ಗೋಣಿಯೊಳಗೆ ಅದು ಹಿಟ್ಟಿನ ಮೂಟೆಯ ಹಾಗೆ ಕುಸಿದದ್ದು ಕೈಗೆ ತಿಳಿಯಿತು.

ಕೆಳಗೆ ಇಳಿಸಿ ಬಟ್ಟೆ ಬಿಚ್ಚಿದೆವು. ಒಂದು ಕಿವಿ, ಗದ್ದದ ಚೂರು, ಮಿಕ್ಕಿದ್ದೆಲ್ಲ ಪುಡಿ. ನಿಂಫಾ ಮಂಡಿಯೂರಿ ಆ ಪುಡಿಯನ್ನು ಬೆರಳಿಂದ ಕೆದಕಿದಳು.

"ಮುಖ ಎಲ್ಲಿ?"

ಮೇಸ್ತ್ರಿ ಗೋಡೆ ಕಡೆ ತಿರುಗಿ ನಿಂತ.

ಆ ಬೇಸಿಗೆಯೆಲ್ಲ ಅವನು ಮನೆಯಲ್ಲೇ ಕೂತು ಮತ್ತೆ ಮುಖ ಕಟ್ಟಲು ನೋಡಿದ. ಕೈ ಹಳೆಯದೇ, ಕೆಲಸವೂ ನಯವಾಗಿತ್ತು. ಆದರೆ ಎಷ್ಟೋ ಸಾವಿರ ದೇವದೂತರನ್ನು ಮಾಡಿದ ಬೆರಳು ದೇವದೂತರನ್ನೇ ಮಾಡುತ್ತಿತ್ತು. ಮೀನು ಮಾರುವವನು ಬಾಗಿಲಲ್ಲಿ ಇಣುಕಿ, "ಅರೆ, ನನ್ನ ಮೂರನೇ ಮಗ ಇಲ್ಲಿದಾನಲ್ಲಪ್ಪಾ! ಮೇಸ್ತ್ರಿ, ನನ್ನ ಹೆಂಡ್ತಿಗೆ ಹೇಳ್ಬೇಡ, ಅವನು ದೇವದೂತ ಆದ ಅಂತ ಬೀಗ್ತಾಳೆ" ಎಂದು ನಕ್ಕ. ನಿಂಫಾ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, "ಇದು ಯಾರ ಮಗು?" ಎಂದು ಕೇಳುತ್ತಿದ್ದಳು. ಚುಚ್ಚುವುದಕ್ಕೆ ಕೇಳುತ್ತಿರಲಿಲ್ಲ, ನಿಜವಾಗಿ ತಿಳಿಯದೆ ಕೇಳುತ್ತಿದ್ದಳು. ಮೇಸ್ತ್ರಿಗೆ ಅದನ್ನು ತಡೆದುಕೊಳ್ಳಲು ಆಗುತ್ತಿರಲಿಲ್ಲ. ಒಂದು ದಿನ ಕರಣೆ ತೊಳೆದು ಮೂಲೆಗಿಟ್ಟ.

ಹೊಟ್ಟೆ ಕೇಳಬೇಕಲ್ಲ. ಚಳಿಗಾಲದಲ್ಲಿ ಅದೇ ಮಂದಿರಕ್ಕೆ ಕೂಲಿಗೆ ಹೋದ. ಬೋಳು ಗೋಡೆಗೆ ಗಾರೆ ಎಳೆಯುವ ಕೆಲಸ. ಎಡಗಡೆ ಕಿಟಕಿಯ ಮೇಲೂ ಅವನೇ ಎಳೆದ, ನಾನೇ ಕಲಸಿ ಕೊಟ್ಟೆ. ದೊನ್ ಎರ್ಕೊಲೆ ಬಂದು ನೋಡಿ, "ಈಗ ನೋಡು, ಮನಸ್ಸಿಗೆ ಎಷ್ಟು ಶಾಂತಿ!" ಎಂದ. "ಹೌದು ಸ್ವಾಮಿ" ಎಂದ ಮೇಸ್ತ್ರಿ. ನಿಂಫಾ ಮತ್ತೆ ಅಲ್ಲಿಗೆ ಕಾಲಿಡಲಿಲ್ಲ. ಗಂಡನೊಂದಿಗೆ ಮಾತೂ ಊಟಕ್ಕೆ ಕರೆಯುವಷ್ಟಕ್ಕೇ ನಿಂತಿತು.

ಮರುವರ್ಷ ಎದೆಯಲ್ಲಿ ಕಫ ಕಟ್ಟಿ ಮೇಸ್ತ್ರಿ ತೀರಿಕೊಂಡ. ನಿಂಫಾ ಮೊನ್ರೆಯಾಲೆಯಲ್ಲಿದ್ದ ತಂಗಿಯ ಮನೆ ಸೇರಿದಳು. ನಾನೊಮ್ಮೆ ನೋಡಲು ಹೋಗಿದ್ದೆ. ಬೇಯಿಸಿದ ಅವರೆ ಬಡಿಸಿ, ಸುಣ್ಣಕ್ಕೆ ಈಗ ಗಿರಾಕಿ ಇದಾರಾ, ಮೊಣಕಾಲು ನೋವು ಹೇಗಿದೆ ಎಂದೆಲ್ಲ ವಿಚಾರಿಸಿದಳು. ಓಲಿವಾಳ ಹೆಸರನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಿಸಿಲು ಇಳಿಯುವ ಮೊದಲೇ ಎದ್ದು ಬಂದೆ.