ಓರಗಿತ್ತಿಯ ನಿದ್ದೆ

ನನ್ನ ಓರಗಿತ್ತಿ ತಿಮ್ಮಕ್ಕನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಮ್ಮೂರು ಮಂಕಿಯಲ್ಲಿ ಇದು ಗೊತ್ತಿಲ್ಲದವರಿಲ್ಲ, ಮುಚ್ಚಿಟ್ಟು ಪ್ರಯೋಜನವಿಲ್ಲ. ಅವಳ ಬುಟ್ಟಿಯ ಮೀನು ನನ್ನದಕ್ಕಿಂತ ಮೊದಲೇ ಖಾಲಿಯಾಗುತ್ತದೆ. ಅವಳು ಗಿರಾಕಿಗಳನ್ನು ಕೂಗಿ ಕರೆಯುವುದೂ ಇಲ್ಲ; ಹೆಸರು ಹಿಡಿದು ಮನೆಯವರ ಆರೋಗ್ಯ ಕೇಳುತ್ತಾಳೆ, ಅವರು ಅಲ್ಲೇ ನಿಂತುಬಿಡುತ್ತಾರೆ. ಹದಿನೆಂಟು ವರ್ಷ ಹೊನ್ನಾವರದ ಮೀನುಪೇಟೆಯಲ್ಲಿ ಪಕ್ಕದಲ್ಲೇ ಕೂತು ಇದನ್ನೆಲ್ಲ ಸಹಿಸಿದ್ದೇನೆ. ಸಹಿಸಲಾಗದ್ದು ಅವಳ ನಿದ್ದೆ.

ಕಳೆದ ವರ್ಷ ದೋಣಿ ಮಗುಚಿತು. ಅವಳ ಗಂಡ ಮಾಸ್ತಿ, ನನ್ನ ಗಂಡ ಭಾಸ್ಕರ ಇಬ್ಬರೂ ಅದರಲ್ಲಿದ್ದರು. ಇಬ್ಬರೂ ಈಜಿ ದಡ ಸೇರಿದರು. ಅಂದಿನಿಂದ ನಮ್ಮಿಬ್ಬರು ಓರಗಿತ್ತಿಯರಿಗೂ ನಿದ್ದೆ ಹಾರಿಹೋಯಿತು. ನಾನು ಯಾರಿಗೂ ಹೇಳಲಿಲ್ಲ. ಅವಳು ಕೊನೆಗೆ ಡಾಕ್ಟರಲ್ಲಿಗೆ ಹೋಗಿ ನಿದ್ದೆಯ ಮಾತ್ರೆ ತಂದಳು. ಒಂದೆರಡು ವಾರದಲ್ಲಿ ಮುಖಕ್ಕೆ ಕಳೆ ಬಂತು. ತಿಮ್ಮಕ್ಕ ಹತ್ತು ವರ್ಷ ಸಣ್ಣವಳಾದಳೆಂದು ಗಿರಾಕಿಗಳು ಹೇಳುವಾಗ ನಾನು ನನ್ನ ಮೀನಿನ ಮೇಲಿನ ನೊಣ ಓಡಿಸುತ್ತಿದ್ದೆ.

ನನಗೂ ಒಂದು ಮಾತ್ರೆ ಕೊಡು ಎಂದು ಕೇಳಿದೆ. ನಮ್ಮಲ್ಲಿ ಸಾರಿರಲಿ, ಸೀರೆಯಿರಲಿ, ಕೇಳಿದ ಮೇಲೆ ಇಲ್ಲ ಅನ್ನುವುದಿಲ್ಲ. ಜ್ವರದ ಗುಳಿಗೆಯೂ ನಮ್ಮೆರಡು ಮನೆಗಳ ನಡುವಿನ ಬೇಲಿ ದಾಟುತ್ತದೆ.

"ಇದು ಕೊಡೂಕೆ ಆಗೂದಿಲ್ಲ, ತಂಗಿ. ನಂಗೇ ಅರ್ಧ, ಅದೂ ಸ್ವಲ್ಪ ದಿವ್ಸ ಅಷ್ಟೇ. ಆಮೇಲೆ ಕಡಿಮೆ ಮಾಡ್ತಾ ಬಿಡ್ಬೇಕಂತೆ. ನೀನೂ ಡಾಕ್ಟ್ರ ಹತ್ರ ಬಾ" ಎಂದಳು.

ನಿದ್ದೆಯನ್ನೂ ಒಬ್ಬಳೇ ಬಾಚಿಕೊಳ್ಳುವವಳು ಎಂದು ಮನಸ್ಸಿನಲ್ಲೇ ಬೈದೆ. ಅವಳು ಬಾವಿಗೆ ಹೋದಾಗ ಅವಳ ಕಪಾಟಿನಿಂದ ನಾಲ್ಕು ಮಾತ್ರೆ ಕದ್ದೆ. ಅವಳಿಗೆ ಅರ್ಧವಾದರೆ ನನಗೆ ಒಂದು. ಅವಳಿಗಿಂತ ನಾನೇಕೆ ಕಡಿಮೆ ಮಲಗಬೇಕು? ಮೂರು ರಾತ್ರಿ ಮೈಮರೆತು ಮಲಗಿದೆ. ನಾಲ್ಕನೆಯದನ್ನು ಉಳಿಸೋಣವೆಂದುಕೊಂಡಿದ್ದೆ; ನಿದ್ದೆ ಬಾರದೆ ಬೆಳಗಿನ ಜಾವ ಅದನ್ನೂ ನುಂಗಿದೆ. ಸ್ವಲ್ಪ ಹೊತ್ತಿಗೇ ಎದ್ದು ಬಂದರಿಗೆ ಹೋದೆ.

ಅಲ್ಲಿ ಮೀನಿನ ಹರಾಜಿನಲ್ಲಿ ನಾವು ಬಾಯಿ ಬಿಡುವುದು ಕಡಿಮೆ. ಹರಾಜು ಕೂಗುವ ಸೋಮ ನಮ್ಮ ಮುಖ ನೋಡುತ್ತಾನೆ. ತಲೆಯಾಡಿಸಿದರೆ ಬೆಲೆ ಏರಿದಂತೆ. ಆದರೆ ಒಂದೇ ಮನೆತನದ ಹೆಂಗಸರು ಒಬ್ಬರ ಮೇಲೊಬ್ಬರು ಏರಿಸುವಂತಿಲ್ಲ. ಹಾಗೆ ಮಾಡಿದರೆ ಸಂಬಂಧ ಕಡಿದುಕೊಂಡಂತೆ. ಅಂದು ಬಂಗಡೆ ಮೀನಿನ ಬುಟ್ಟಿಗೆ ತಿಮ್ಮಕ್ಕ ತಲೆಯಾಡಿಸಿದಳು. ನಾನು ನಿಂತಲ್ಲೇ ತೂಕಡಿಸಿದೆ. ಬೆಲೆ ಏರಿತು. ಅವಳು ನನ್ನನ್ನೇ ನೋಡುತ್ತ ಮತ್ತೆ ಆಡಿಸಿದಳು. ನನ್ನ ತಲೆ ಮತ್ತೆ ಬಾಗಿತು. ಆಮೇಲೆ ಅವಳು ಸುಮ್ಮನಾದಳು. ಸೋಮ ಬುಟ್ಟಿಯನ್ನು ನನ್ನ ಕಾಲ ಬಳಿ ಕುಕ್ಕಿದಾಗಲೇ ನನಗೆ ಎಚ್ಚರ. ಹೇಮಾಳ ಹೊಟ್ಟೆಕಿಚ್ಚು ಇವತ್ತು ಹೊರಗೆ ಬಂತೆಂದು ಹೆಂಗಸರು ನನ್ನನ್ನು ನೋಡಿ ನಕ್ಕರು. ಯಾರಿಗೂ ಬೇರೆ ಅನುಮಾನವೇ ಬರಲಿಲ್ಲ.

ತಿಮ್ಮಕ್ಕ ಪೇಟೆಯಲ್ಲಿ ತನ್ನ ಬುಟ್ಟಿಯನ್ನು ಆಚೆ ತುದಿಗೆ ಒಯ್ದಳು. ಮನೆಗೆ ಬಂದರೆ ಬೇಲಿಯಾಚೆಯಿಂದಲೂ ಮಾತಿಲ್ಲ. ಪಕ್ಕದ ಆ ಖಾಲಿ ಜಾಗ ನೋಡುತ್ತ ನನಗೆ ವ್ಯಾಪಾರವೇ ಬೇಡವಾಯಿತು. ನಿಜ ಹೇಳಿದರೆ ಕಳ್ಳಿ, ಹೇಳದಿದ್ದರೆ ಮನೆಮುರುಕಿ. ಕಳ್ಳಿಯಾಗುವುದೇ ವಾಸಿ ಎನಿಸಿತು. ಮೂರನೆಯ ಸಂಜೆ ಅವಳ ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ.

ಅವಳು ಬೈಯಲಿಲ್ಲ.

"ನೀನಾ ತೆಗ್ದದ್ದು? ನಾನೇ ಮರ್ತು ಎರಡೆರಡು ಸಲ ತಿಂದೆ ಅಂದ್ಕಂಡೆ. ಹೆದ್ರಿ ಒಂದೇ ಸಲಕ್ಕೆ ಬಿಟ್ಬಿಟ್ಟೆ. ಮೂರು ದಿವ್ಸ ಆತು, ಕಣ್ಣು ಮುಚ್ಚಲಿಲ್ಲ."

ಆಗ ಅವಳನ್ನು ಸರಿಯಾಗಿ ನೋಡಿದೆ. ಕಣ್ಣು ಕೆಂಪಾಗಿತ್ತು, ಕೈ ನಡುಗುತ್ತಿತ್ತು. ಅವಳಿಗೂ ನಿದ್ದೆಯಿಲ್ಲ ಎಂದು ಕೇಳಿದಾಗ ನನಗೆ ಮೊದಲು ಆದದ್ದು ಸಮಾಧಾನ. ಹೆದರಿಕೆ, ನಾಚಿಕೆ ಎಲ್ಲ ಆಮೇಲೆ ಬಂದವು. ಡಾಕ್ಟರಲ್ಲಿಗೆಂದು ಅವಳ ಕೈ ಹಿಡಿದು ಹೊನ್ನಾವರದ ಬಸ್ಸು ಹತ್ತಿಸಿ ನಾನೂ ಹತ್ತಿದೆ. ದಾರಿಯಲ್ಲಿ ಕದ್ದದ್ದನ್ನು ಮತ್ತೆರಡು ಸಲ ಒಪ್ಪಿಕೊಂಡೆ. ಆ ಸಮಾಧಾನದ ಮಾತನ್ನು ಮಾತ್ರ ಇವತ್ತಿಗೂ ಅವಳಿಗೆ ಹೇಳಿಲ್ಲ.