ನೋಡೋಕೆ ಕನ್ನಡದ ಥರ ಇಲ್ಲ

ತಮಿಳುನಾಡಿನ ಮೊರಪ್ಪೂರಿನ ಹತ್ತಿರ ನಮ್ಮೂರಲ್ಲಿ ಮನೆಯಲ್ಲಿ ಕನ್ನಡ, ಸ್ಕೂಲಲ್ಲಿ ತಮಿಳು. ಮಾತಾಡೋರು ಊರು ತುಂಬ ಇದ್ದಾರೆ, ಕನ್ನಡ ಅಕ್ಷರ ಓದಬಲ್ಲವನು ನಾನೊಬ್ಬನೇ. ಹೊಸೂರಲ್ಲಿ ಕೆಲಸಕ್ಕಿದ್ದಾಗ ಕಲಿತದ್ದು. ಊರವರಿಗೆ ಓದೋಕಾಗಲಿ ಅಂತಲೇ, ಊರಿನ ಬಾಡಿಗೆ ಟ್ರಾಕ್ಟರಿನ ವೆಬ್‌ಸೈಟಿಗೆ ಬುಕ್ಕಿಂಗ್ ಪ್ಲಗಿನ್ ಅನ್ನೋ ಸಣ್ಣ ಸಾಫ್ಟ್‌ವೇರ್ ಅನುವಾದಿಸುವಾಗ ಕನ್ನಡವನ್ನೆಲ್ಲ ತಮಿಳು ಅಕ್ಷರದಲ್ಲೇ ಬರೆದೆ. ವಾಟ್ಸಾಪಿನಲ್ಲಿ ನಾವು ಜಗಳ ಆಡೋದೂ ಹಾಗೇ.

ಪ್ಲಗಿನ್ ಒಪ್ಪಲಿಲ್ಲ. ಅದನ್ನು ಮಾಡಿದ ಕಂಪನಿಗೆ ಫೋನ್ ಮಾಡಿದರೆ ಬೆಂಗಳೂರಿನವನೊಬ್ಬ ಎತ್ತಿಕೊಂಡ.

“ಸರ್, ಕನ್ನಡದ ಜಾಗದಲ್ಲಿ ತಮಿಳು ಹಾಕಿದ್ದೀರಿ.”

“ತಮಿಳಲ್ಲ ರೀ, ಕೇಳಿ” ಅಂತ ಜೋರಾಗಿ ಓದಿದೆ: “ಟ್ರಾಕ್ಟ್ರು ಯಾವತ್ತು ಬೇಕು? ಒಲ ಎಲ್ಲೈತೆ?”

“ಅರೇ, ಕನ್ನಡಾನೇ!” ಅಂತ ನಕ್ಕ. “ಆದ್ರೆ ನೋಡೋಕೆ ಕನ್ನಡದ ಥರ ಇಲ್ವಲ್ಲ ಸರ್. ಸಿಸ್ಟಮ್ ತಗೊಳ್ಳಲ್ಲ.”

ನನಗೆ ಮೈಯೆಲ್ಲ ಉರಿದುಹೋಯಿತು. ಸ್ಕೂಲಿಲ್ಲದೆ, ಪುಸ್ತಕವಿಲ್ಲದೆ ಬರೀ ಬಾಯಲ್ಲೇ ಇಷ್ಟು ತಲೆಮಾರು ಉಳಿಸಿಕೊಂಡು ಬಂದ ಮಾತನ್ನು ಬೇಡ ಅನ್ನೋಕೆ ಇವರ್ಯಾರು? ಬಾಯಿಗೆ ಬಂದಂತೆ ಕೂಗಾಡಿದೆ. ಎಲ್ಲ ಕೇಳಿಸಿಕೊಂಡು ಆತ ತಣ್ಣಗೆ, “ರೂಲ್ಸ್ ಸರ್” ಅಂದ.

ಹಲ್ಲು ಕಚ್ಚಿಕೊಂಡು ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಮತ್ತೆ ಟೈಪ್ ಮಾಡಿದೆ. ಸಿಸ್ಟಮ್ ತಕ್ಷಣ ಹಸಿರು ಗುರುತು ತೋರಿಸಿತು.

ಮಾರನೇ ದಿನ ನಮ್ಮ ಅತ್ತೆ ಟ್ರಾಕ್ಟರ್ ಬುಕ್ ಮಾಡಲು ಹೋಗಿ, ಫೋನನ್ನು ನನ್ನ ಮುಖಕ್ಕೆ ಹಿಡಿದರು. “ಲೇ, ಇದ್ಯಾವ ಬಾಷೆಲಾ? ಓದಿ ಯೋಳು.”

ಓದಿ ಹೇಳಿದೆ.

“ಅಯ್ಯ, ನಮ್ ಮಾತೇ ಅಲ್ವಾ!” ಅಂದರು ಅತ್ತೆ. “ನೋಡಿದ್ರೆ ಅಂಗೆ ಕಾಣಾಕಿಲ್ಲ.”