ಮಧ್ಯಮದ ಮೇಲೆ ಹಾಕಿದ ಉಳಿಕೆ

ವೀಣೆಯ ದಂಡಿಗೆ ಮೇಣ ಹಚ್ಚಿ ಕಂಚಿನ ಮೆಟ್ಟಿಲುಗಳನ್ನು ಕೂರಿಸುವುದಕ್ಕೆ ಮೇಳ ಕಟ್ಟುವುದು ಎನ್ನುತ್ತಾರೆ. ನೆಲಮಂಗಲದ ಕಡೆಯ ನಮ್ಮೂರಿನಲ್ಲಿ ಹಲಸಿನ ಮರ ಕೊರೆದು ವೀಣೆ ಮಾಡುವವರು ಹಲವರಿದ್ದರು. ಮೇಳ ಕಟ್ಟಿಸಲು ಮಾತ್ರ ಎಲ್ಲರೂ ನಮ್ಮ ದೊಡ್ಡಪ್ಪನ ಬಳಿಗೇ ಬರುತ್ತಿದ್ದರು. ಅರವತ್ತರ ದಶಕದ ಕೊನೆಗೆ ಅವರ ಕಿವಿ ಮಂದವಾಗಿತ್ತು. ವೀಣೆಯ ಕೊಡಕ್ಕೆ ದವಡೆ ಒತ್ತಿ, ತಂತಿ ಮೀಟಿ, ಸ್ವರವನ್ನು ಮೂಳೆಯಲ್ಲಿ ಕೇಳಿಸಿಕೊಳ್ಳುತ್ತಿದ್ದರು.

ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ಆ ದವಡೆ ನೋಡಿದರೆ ನನಗೆ ನಾಚಿಕೆ; ಮೆಟ್ಟಿಲ ಜಾಗವನ್ನು ಲೆಕ್ಕದಿಂದಲೇ ಹುಡುಕಬಹುದೆಂದುಕೊಂಡೆ. ತಂತಿಯ ಮೂರರಲ್ಲಿ ಎರಡು ಪಾಲು ಮೀಟಿದರೆ ಪಂಚಮ. ಆ ಪಂಚಮವನ್ನೇ ಷಡ್ಜವೆಂದುಕೊಂಡು ಮತ್ತೆ ಎರಡು ಪಾಲು. ಸ್ವರ ತೀರ ಮೇಲೇರಿದಾಗ ಉದ್ದವನ್ನು ಇಮ್ಮಡಿ ಮಾಡಿ ಕೆಳಗಿಳಿಸುವುದು. ಹೀಗೆ ಹನ್ನೆರಡು ಸಲ ಹೋದರೆ ಹೊರಟ ಷಡ್ಜಕ್ಕೇ ಬರಬೇಕು. ಸ್ಲೇಟಿನ ಮೇಲೆ ಲೆಕ್ಕ ಮಾಡಿದೆ. ಕಿರುಬೆರಳಿನ ಅಗಲದಷ್ಟು ತಪ್ಪಿತು.

ದೊಡ್ಡಪ್ಪ ನಕ್ಕರು. "ಲೆಕ್ಕ ಸರಿಯಾಗೇ ಐತೆ ಕಣೋ. ಆ ಉಳಿಕೆ ಯಾವಾಗ್ಲೂ ಇರ್ತದೆ. ಎಲ್ಲಾ ಮೆಟ್ಲಿಗೂ ಚೂರುಚೂರು ಹಂಚ್ಬೇಕು. ಒಬ್ಬನ ತಲೆ ಮೇಲೆ ಹಾಕಿದ್ಯೋ, ಊರಿಗೇ ಕೇಳೋ ಹಂಗೆ ಅಳ್ತಾನೆ."

"ಹಂಚೋಕೆ ಅಳತೆ ಏನು ದೊಡ್ಡಪ್ಪಾ?" ಎಂದು ಅವರ ಕಿವಿಯಲ್ಲಿ ಕೂಗಿದೆ.

"ಯಾವನೂ ಅಳಬಾರ್ದು. ಅದೇ ಅಳತೆ."

ಓದಿಲ್ಲದವರ ಮಾತು ಎಂದುಕೊಂಡೆ. ಅವರು ಆವತಿಗೆ ನೆಂಟರ ಮದುವೆಗೆ ಹೋದ ದಿನ, ದೊಡ್ಡಬಳ್ಳಾಪುರದ ಸಂಗೀತದ ಮೇಷ್ಟರ ವೀಣೆಗೆ ನಾನೇ ಅಡಿಪಟ್ಟಿ ಹಿಡಿದು ಮೇಳ ಕಟ್ಟಿಬಿಟ್ಟೆ. ಹಂಚುವ ಗೋಜಿಗೆ ಹೋಗಲಿಲ್ಲ. ಲೆಕ್ಕದಲ್ಲಿ ಎಲ್ಲಕ್ಕಿಂತ ಕೊನೆಗೆ ಸಿಕ್ಕಿದ್ದು ಶುದ್ಧ ಮಧ್ಯಮ. ಉಳಿಕೆಯೆಲ್ಲ ಅದರ ತಲೆಗೆ ಬಿತ್ತು.

ಮರುದಿನ ದೊಡ್ಡಪ್ಪ ಬಂದು ಚೀಲ ಇಳಿಸುವಷ್ಟರಲ್ಲಿ ಮೇಷ್ಟರು ಕೂತು ನುಡಿಸುತ್ತಿದ್ದರು. ಮಧ್ಯಮಕ್ಕೆ ಬಂದು ಬೆರಳು ನಿಂತಿತು.

"ಏನಪ್ಪಾ ಇದು, ಮಧ್ಯಮ ಹಿಂಗೆ ಕಿರುಚ್ಕೊಳ್ತದೆ? ಯಾರು ಕಟ್ಟಿದ್ದು?"

"ದೊಡ್ಡಪ್ಪನೇ ಸಾರ್," ಎಂದೆ. "ಕಿವಿ ಪೂರ್ತಿ ಹೋಗ್ಬಿಟ್ಟಿದೆ ಅವ್ರಿಗೆ."

ಮೇಷ್ಟರು ಅವರತ್ತ ಬಾಗಿ ಕೂಗಿದರು: "ಏನ್ ಯಜಮಾನ್ರೇ, ನೀವೇ ಕಟ್ಟಿದ್ದಂತೆ?"

ದೊಡ್ಡಪ್ಪ ವೀಣೆಯನ್ನು ಎಳೆದುಕೊಂಡು, ದವಡೆ ಒತ್ತಿ, ಮಧ್ಯಮ ಮೀಟಿದರು. ಆಮೇಲೆ ಮೆಟ್ಟಿಲ ಪಕ್ಕದ ಮೇಣದಲ್ಲಿ ಮೂಡಿದ್ದ ಹೆಬ್ಬೆರಳ ಗುರುತಿನ ಮೇಲೆ ತಮ್ಮ ಹೆಬ್ಬೆರಳಿಟ್ಟರು. ಅವರ ಅಗಲದ ಬೆರಳಿಗೆ ಅದು ಚಿಕ್ಕದು. ನನ್ನ ಮುಖ ನೋಡಿದರು.

"ಹೂಂ ಸಾಮಿ, ನಾನೇ. ತಪ್ಪಾಗೋಯ್ತು. ಮೇಣ ಕರಗ್ಸಿ ಸರಿ ಮಾಡ್ಕೊಡ್ತೀನಿ."

ಸರಿ ಮಾಡಿಯೂ ಕೊಟ್ಟರು. ಆದರೆ ಮುದುಕನ ಕಿವಿ ಹೋಯಿತೆಂಬ ಸುದ್ದಿ ಹಬ್ಬಿತು. ವರ್ಷ ತುಂಬುವುದರೊಳಗೆ ಮೇಳ ಕಟ್ಟಿಸಲು ಬರುವವರು ನಿಂತರು. ಕಡೆಯ ವರ್ಷಗಳಲ್ಲಿ ಅವರು ಜಗಲಿಯಲ್ಲಿ ಕೂತು, ಬೇರೆಯವರು ಕೊರೆದ ಕೊಡಗಳನ್ನು ಉಜ್ಜಿ ನುಣುಪು ಮಾಡಿಕೊಡುತ್ತಿದ್ದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಮೇಷ್ಟರಿಗೆ ನಿಜ ಹೇಳಿಬಿಡೋಣವೆಂದು ಎರಡು ಸಲ ದೊಡ್ಡಬಳ್ಳಾಪುರದ ಬಸ್ಸು ಹತ್ತಿದ್ದೆ. ಎರಡು ಸಲವೂ ನಡುದಾರಿಯಲ್ಲಿ ಇಳಿದು ವಾಪಸು ನಡೆದೆ. ಈಗ ಹೇಳಿದ್ದೇನೆ. ಕೇಳಬೇಕಾಗಿದ್ದವರು ಇಬ್ಬರೂ ಇಲ್ಲ.